ಪರಿಚಿತ ಹಾಡು, ಹೊಸ ಸಂದರ್ಭ: ‘ಅಕ್ರಾಸ್ ದಿ ಯೂನಿವರ್ಸ್’ ಚಿತ್ರದಲ್ಲಿ ಗೀತೌಚಿತ್ಯ

1

ಸಂಗೀತಪ್ರಧಾನ ಚಲನಚಿತ್ರದಲ್ಲಿ ಹಾಡು ಸಾಮಾನ್ಯವಾಗಿ ಕಥೆಯಿಂದ ಹುಟ್ಟುತ್ತದೆ. ಪಾತ್ರವು ಮಾತಿನಲ್ಲಿ ಹೇಳಲಾರದ ಸ್ಥಿತಿಯನ್ನು ಮುಟ್ಟಿದಾಗ ಹಾಡಿಗೆ ಮೊರೆಹೋಗುತ್ತದೆ. ಪ್ರೇಕ್ಷಕನು ಆ ಹಾಡನ್ನು ಮೊದಲ ಬಾರಿಗೆ ಅಲ್ಲಿಯೇ ಕೇಳುತ್ತಾನೆ. ಆದರೆ ಆಗಲೇ ಜನಪ್ರಿಯವಾಗಿರುವ ರಾಕ್ ಹಾಡುಗಳನ್ನು ಆಯ್ದು ಅವುಗಳ ಸುತ್ತ ಕಥೆ ಹೆಣೆಯುವ ಚಿತ್ರಗಳಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಅಲ್ಲಿ ಪ್ರೇಕ್ಷಕನು ಹಾಡನ್ನು ತನ್ನ ನೆನಪಿನಲ್ಲಿ ಹೊತ್ತುಕೊಂಡೇ ಚಿತ್ರಮಂದಿರವನ್ನು ಪ್ರವೇಶಿಸುತ್ತಾನೆ. ನಮ್ಮ ವೃತ್ತಿ ನಾಟಕ ಕಂಪನಿಗಳೂ ಪ್ರಸಿದ್ಧ ಮಟ್ಟುಗಳನ್ನು ಎರವಲು ಪಡೆಯುತ್ತಿದ್ದವು. ಆದರೆ ಅವುಗಳಿಗೆ ಹೊಸ ಸಾಹಿತ್ಯವನ್ನು ಕೂಡಿಸುತ್ತಿದ್ದವು. ಈ ಬಗೆಯ ಚಿತ್ರಗಳಲ್ಲಿ ಸ್ವರವೂ ಹಳೆಯದು, ಮಾತೂ ಹಳೆಯದು. ಹೊಸದಾಗಬೇಕಾದುದು ಸಂದರ್ಭವೊಂದೇ. ಆದ್ದರಿಂದ ಇಂತಹ ಕೃತಿಯ ಮೌಲ್ಯಮಾಪನದಲ್ಲಿ ಕ್ಷೇಮೇಂದ್ರನ ‘ಔಚಿತ್ಯ’ದ ಪರಿಕಲ್ಪನೆ ನೆರವಿಗೆ ಬರುತ್ತದೆ. ಹಾಡು ತನಗೆ ಒದಗಿದ ಹೊಸ ಸ್ಥಾನದಲ್ಲಿ ಹೊಸ ಅರ್ಥವನ್ನು ಧ್ವನಿಸುತ್ತದೆಯೇ ಅಥವಾ ಕೇವಲ ಗುರುತು ಹಿಡಿದ ಸಂತೋಷವನ್ನು ಕೊಟ್ಟು ಸುಮ್ಮನಾಗುತ್ತದೆಯೇ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಬೀಟಲ್ಸ್ ತಂಡದ ಹಾಡುಗಳನ್ನಾಧರಿಸಿ ಜೂಲಿ ಟೇಮರ್ ನಿರ್ದೇಶಿಸಿದ ‘ಅಕ್ರಾಸ್ ದಿ ಯೂನಿವರ್ಸ್’ (2007) ಚಿತ್ರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಟೇಮರ್ ಮೂಲತಃ ರಂಗಭೂಮಿಯವರು. 1997ರಲ್ಲಿ ಬ್ರಾಡ್‌ವೇಗೆ ಬಂದ ‘ದಿ ಲಯನ್ ಕಿಂಗ್’ ಪ್ರಯೋಗದಲ್ಲಿ ಮುಖವಾಡ ಮತ್ತು ಗೊಂಬೆಗಳನ್ನು ಬಳಸಿದ ರೀತಿ ಅವರಿಗೆ ಖ್ಯಾತಿ ತಂದಿತು. ಈ ಚಿತ್ರದ ಚಿತ್ರಕಥೆ ಡಿಕ್ ಕ್ಲೆಮೆಂಟ್ ಮತ್ತು ಇಯಾನ್ ಲಾ ಫ್ರೆನೇ ಅವರದು. ಸಂಗೀತದ ಮರುಸಂಯೋಜನೆಯಲ್ಲಿ ಎಲಿಯಟ್ ಗೋಲ್ಡೆಂಥಾಲ್ ಪ್ರಮುಖರು. ಲಿವರ್‌ಪೂಲ್‌ನ ಹಡಗುಕಟ್ಟೆಯ ಕಾರ್ಮಿಕ ಜೂಡ್ ತನ್ನ ತಂದೆಯನ್ನು ಅರಸುತ್ತ ಅಮೆರಿಕಕ್ಕೆ ಬರುತ್ತಾನೆ. ಅಲ್ಲಿ ಮ್ಯಾಕ್ಸ್ ಅವನ ಗೆಳೆಯನಾಗುತ್ತಾನೆ, ಮ್ಯಾಕ್ಸ್‌ನ ತಂಗಿ ಲೂಸಿ ಪ್ರೇಯಸಿಯಾಗುತ್ತಾಳೆ. ಮ್ಯಾಕ್ಸ್ ವಿಯೆಟ್ನಾಂ ಯುದ್ಧಕ್ಕೆ ಸೇರ್ಪಡೆಯಾಗಬೇಕಾಗುತ್ತದೆ. ಲೂಸಿ ಯುದ್ಧವಿರೋಧಿ ಚಳವಳಿಗೆ ಧುಮುಕುತ್ತಾಳೆ. ಕಥೆ ಇಷ್ಟೇ. ಇದರಲ್ಲಿ 30ಕ್ಕೂ ಹೆಚ್ಚು ಹಾಡುಗಳು ಪೋಣಿಸಲ್ಪಟ್ಟಿವೆ. ಬೀಟಲ್ಸರ ಮೂಲ ಧ್ವನಿಮುದ್ರಣಗಳನ್ನು ಬಳಸದೆ ನಟರೇ ಹಾಡಿದ್ದಾರೆ. ಇನ್ನೂ ಗಮನಾರ್ಹವಾದುದೆಂದರೆ, ಅರವತ್ತರ ದಶಕವನ್ನು ಚಿತ್ರಿಸುವ ಈ ಕಥೆಯೊಳಗೆ ಬೀಟಲ್ಸ್ ಎಂಬ ತಂಡವೇ ಇಲ್ಲ. ಹಾಡಿದವರನ್ನು ಅಳಿಸಿ ಹಾಡನ್ನು ಮಾತ್ರ ಉಳಿಸಿಕೊಂಡುದರಿಂದ ಅದನ್ನು ಯಾರು ಬೇಕಾದರೂ ತಮ್ಮದಾಗಿಸಿಕೊಳ್ಳುವ ಅವಕಾಶ ತೆರೆದುಕೊಂಡಿದೆ.

3

ಈ ಅವಕಾಶದ ಸಾರ್ಥಕ ಬಳಕೆಗೆ ಮೊದಲ ನಿದರ್ಶನ ‘ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್’. 1963ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾಗಿ, ಮರುವರ್ಷ ಅಮೆರಿಕದಲ್ಲಿ ಬೀಟಲ್ಸರ ಮೊದಲ ಅಗ್ರಗೀತೆಯಾದ ಈ ಹಾಡು ಹದಿಹರೆಯದ ಉಲ್ಲಾಸಕ್ಕೆ ಪರ್ಯಾಯಪದವೇ ಆಗಿತ್ತು. ಟೇಮರ್ ಅದರ ಲಯವನ್ನು ನಿಧಾನಗೊಳಿಸಿ, ಓಹಿಯೋ ರಾಜ್ಯದ ಪ್ರೂಡೆನ್ಸ್ ಎಂಬ ವಿದ್ಯಾರ್ಥಿನಿಯ ಬಾಯಿಗೆ ಕೊಡುತ್ತಾರೆ. ಅವಳ ಕಣ್ಣಿರುವುದು ಮೈದಾನದಾಚೆ ನಿಂತ ಮತ್ತೊಬ್ಬ ಹುಡುಗಿಯ ಮೇಲೆ. ಆಟಗಾರರು ಸುತ್ತಲೂ ಢಿಕ್ಕಿ ಹೊಡೆದು ಉರುಳುತ್ತಿರುವಾಗ ಅವಳು ಒಬ್ಬಳೇ ಮೈದಾನವನ್ನು ದಾಟುತ್ತಾಳೆ. ಸಾಹಿತ್ಯದ ಒಂದಕ್ಷರವೂ ಬದಲಾಗಿಲ್ಲ. ಆದರೆ ಎಲ್ಲರಿಗೂ ಸುಲಭಸಾಧ್ಯವಾದ ಅಲ್ಪ ಬಯಕೆಯು ಇವಳಿಗೆ ಹೇಳಲೂ ಬಾರದ ಬಯಕೆಯಾಗಿದೆ. ಪ್ರೇಕ್ಷಕನ ನೆನಪಿನಲ್ಲಿರುವ ವೇಗದ ಹಾಡು ಈ ನಿಧಾನದ ಹಾಡಿನ ಹಿಂದೆ ಮೊಳಗುತ್ತಲೇ ಇರುವುದರಿಂದ ಅವಳ ಒಂಟಿತನ ಇಮ್ಮಡಿಯಾಗುತ್ತದೆ.

ಎರಡನೆಯ ನಿದರ್ಶನ ‘ಲೆಟ್ ಇಟ್ ಬಿ’. ಪಾಲ್ ಮೆಕಾರ್ಟ್ನಿ ತನ್ನ 14ನೆಯ ವಯಸ್ಸಿನಲ್ಲಿ ಕಳೆದುಕೊಂಡ ತಾಯಿಯನ್ನು ಕನಸಿನಲ್ಲಿ ಕಂಡು ಬರೆದ ಹಾಡಿದು. ಚಿತ್ರದಲ್ಲಿ 1967ರ ಜುಲೈ ತಿಂಗಳ ಡೆಟ್ರಾಯಿಟ್ ದಂಗೆಯ ನಡುವೆ ಕಪ್ಪು ಬಾಲಕನೊಬ್ಬ ಇದನ್ನು ಆರಂಭಿಸುತ್ತಾನೆ. ಹಾಡು ಚರ್ಚಿನ ಗಾಯಕವೃಂದಕ್ಕೆ ದಾಟುವ ವೇಳೆಗೆ ಆ ಬಾಲಕ ಶವಪೆಟ್ಟಿಗೆಯಲ್ಲಿದ್ದಾನೆ. ಅದೇ ಹಾಡು ವಿಯೆಟ್ನಾಂನಲ್ಲಿ ಮಡಿದ ಬಿಳಿಯ ಸೈನಿಕನ, ಅಂದರೆ ಲೂಸಿಯ ಮೊದಲ ಪ್ರಿಯಕರನ, ಅಂತ್ಯಸಂಸ್ಕಾರವನ್ನೂ ಆವರಿಸುತ್ತದೆ. ಆ ದಂಗೆಯಲ್ಲಿ 43 ಜನರು ಸತ್ತಿದ್ದರು. ಸ್ವದೇಶದ ಬೀದಿಯ ಸಾವು ಮತ್ತು ಪರದೇಶದ ರಣರಂಗದ ಸಾವು ಒಂದೇ ರಾಷ್ಟ್ರನೀತಿಯ ಎರಡು ಮುಖಗಳೆಂಬುದನ್ನು ಯಾವ ಸಂಭಾಷಣೆಯ ನೆರವೂ ಇಲ್ಲದೆ ಈ ಜೋಡಣೆ ಸೂಚಿಸುತ್ತದೆ. ಗಾಸ್ಪೆಲ್ ಶೈಲಿಯನ್ನು ಇಲ್ಲಿ ಹೊರಗಿನಿಂದ ಹೇರಲಾಗಿದೆ ಎಂದು ಆಕ್ಷೇಪಿಸುವಂತಿಲ್ಲ. ಮೂಲ ಮುದ್ರಣದಲ್ಲಿಯೇ ಬಿಲ್ಲಿ ಪ್ರೆಸ್ಟನ್ ಅವರ ಆರ್ಗನ್ ವಾದನವಿದೆ. ಬೀಟಲ್ಸರ ಹಾಡು 1970ರ ಮಾರ್ಚ್‌ನಲ್ಲಿ ಹೊರಬರುವ ಮೊದಲೇ ಅರೀಥಾ ಫ್ರಾಂಕ್ಲಿನ್ ಅದನ್ನು ತಮ್ಮ ಆಲ್ಬಮ್‌ನಲ್ಲಿ ಹಾಡಿದ್ದರು. ಹಾಡಿನೊಳಗೆ ಸುಪ್ತವಾಗಿದ್ದ ಪರಂಪರೆಯನ್ನು ಚಿತ್ರವು ಪ್ರಕಟಗೊಳಿಸಿದೆ.

ಮೂರನೆಯದು ‘ಐ ವಾಂಟ್ ಯು’. ಯೋಕೊ ಓನೊ ಅವರ ಕುರಿತಾದ ಜಾನ್ ಲೆನನ್‌ನ ಉತ್ಕಟ ಕಾಮನೆಯ ಹಾಡು ಇಲ್ಲಿ ಸೈನ್ಯಭರ್ತಿ ಕೇಂದ್ರದ ಹಾಡಾಗಿದೆ. ಜೇಮ್ಸ್ ಮಾಂಟ್ಗೊಮೆರಿ ಫ್ಲ್ಯಾಗ್ 1917ರಲ್ಲಿ ರಚಿಸಿದ ‘ಅಂಕಲ್ ಸ್ಯಾಮ್’ ಭಿತ್ತಿಚಿತ್ರದ ಘೋಷಣೆಯೂ ಈ ಹಾಡಿನ ಮೊದಲ ಮಾತೂ ಒಂದೇ. ಆ ಭಿತ್ತಿಚಿತ್ರವೇ ಜೀವ ತಳೆದು ಕೈಚಾಚುತ್ತದೆ. ಒಂದೇ ಅಚ್ಚಿನ ಮುಖವಾಡ ತೊಟ್ಟ ಅಧಿಕಾರಿಗಳು ತರುಣರನ್ನು ಯಂತ್ರದ ಬಿಡಿಭಾಗಗಳಂತೆ ತಪಾಸಣೆ ಮಾಡುತ್ತಾರೆ. ಬಳಿಕ ಅದೇ ತರುಣರು ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನು ಹೊತ್ತು, ಪುಟ್ಟ ಕಾಡೊಂದನ್ನು ಬೂಟುಗಾಲಿನಿಂದ ತುಳಿಯುತ್ತ ಸಾಗುತ್ತಾರೆ. ಭಾರದ ಮಾತು ಬರುವುದು ಆಗಲೇ. ಪ್ರಣಯದ ಭಾರವು ಸಾಮ್ರಾಜ್ಯದ ಭಾರವಾಗುವ ಈ ಪಲ್ಲಟದಲ್ಲಿ ಟೇಮರ್ ಅವರ ರಂಗಾನುಭವ ಪೂರ್ಣ ಫಲ ಕೊಟ್ಟಿದೆ.

4

ಆದರೆ ಇದೇ ಚಿತ್ರದಲ್ಲಿ ಔಚಿತ್ಯಭಂಗದ ನಿದರ್ಶನಗಳೂ ಹೇರಳವಾಗಿವೆ. ಅವುಗಳ ಮೂಲ ಪಾತ್ರಗಳ ನಾಮಕರಣದಲ್ಲಿಯೇ ಇದೆ. ಜೂಡ್, ಲೂಸಿ, ಪ್ರೂಡೆನ್ಸ್, ಸೇಡಿ, ಜೋಜೋ ಮೊದಲಾದ ಹೆಸರುಗಳೆಲ್ಲ ಹಾಡುಗಳಿಂದ ಬಂದವು. ಹೆಸರು ಕೇಳಿದೊಡನೆ ಪ್ರೇಕ್ಷಕನು ಹಾಡಿಗಾಗಿ ಕಾಯತೊಡಗುತ್ತಾನೆ. ಮೈದಾನದಲ್ಲಿ ಅಷ್ಟು ಗಂಭೀರವಾಗಿ ಆರಂಭಗೊಂಡ ಪ್ರೂಡೆನ್ಸಳ ಕಥೆ ಇದಕ್ಕೆ ಬಲಿಯಾಗಿದೆ. 1968ರಲ್ಲಿ ಋಷಿಕೇಶದ ಆಶ್ರಮದಲ್ಲಿ ಧ್ಯಾನದ ಕೋಣೆಯನ್ನು ಬಿಟ್ಟು ಹೊರಬರದಿದ್ದ ಪ್ರೂಡೆನ್ಸ್ ಫ್ಯಾರೋ ಅವರನ್ನು ಕುರಿತು ಲೆನನ್ ಬರೆದ ‘ಡಿಯರ್ ಪ್ರೂಡೆನ್ಸ್’ ಹಾಡನ್ನು ಬಳಸಲೆಂದೇ ಚಿತ್ರದ ಪ್ರೂಡೆನ್ಸ್ ಕೋಣೆಯೊಂದರಲ್ಲಿ ಬಾಗಿಲು ಹಾಕಿಕೊಳ್ಳುತ್ತಾಳೆ. ಗೆಳೆಯರು ಹಾಡಿ ಕರೆಯುತ್ತಾರೆ, ಅವಳು ಹೊರಬರುತ್ತಾಳೆ. ತನ್ನ ಬಯಕೆಯನ್ನು ಬಚ್ಚಿಟ್ಟು ಬದುಕುವವಳ ಸಂಕಟವು ಹೀಗೆ ಒಂದು ಶ್ಲೇಷೆಯಾಗಿ ಕರಗಿಹೋಗುತ್ತದೆ. ಡಾಕ್ಟರ್ ರಾಬರ್ಟ್ ಮತ್ತು ಮಿಸ್ಟರ್ ಕೈಟ್ ಅವರ ದೃಶ್ಯಾವಳಿಗಳು ಕಣ್ಣಿಗೆ ಹಬ್ಬವೇ ಸರಿ; ಕಥೆಯಿಂದ ಅವನ್ನು ತೆಗೆದರೆ ಏನೂ ಕಡಿಮೆಯಾಗುವುದಿಲ್ಲ.

ಬೀಟಲ್ಸ್ ಹಾಡುಗಳನ್ನೇ ಆಧರಿಸಿದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ (1978) ಚಿತ್ರವನ್ನು ಮೈಕಲ್ ಶುಲ್ಟ್ಸ್ ನಿರ್ದೇಶಿಸಿದ್ದರು. ಅದು ಸೋತದ್ದೂ ಇದೇ ಕಾರಣಕ್ಕೆ. ಅಲ್ಲಿ ‘ಸ್ಟ್ರಾಬೆರಿ ಫೀಲ್ಡ್ಸ್’ ಎಂಬುದು ನಾಯಕಿಯ ಹೆಸರು ಮಾತ್ರ. ಟೇಮರ್ ಚಿತ್ರದಲ್ಲಿ ಜೂಡ್ ಬಿಳಿಯ ಹಲಗೆಗೆ ಸ್ಟ್ರಾಬೆರಿ ಹಣ್ಣುಗಳನ್ನು ಸಾಲಾಗಿ ಚುಚ್ಚುತ್ತಾನೆ. ಒಸರುವ ಕೆಂಪು ರಸ ನೆತ್ತರಾಗಿ, ಹಣ್ಣುಗಳು ವಿಯೆಟ್ನಾಂ ಮೇಲೆ ಬೀಳುವ ಬಾಂಬುಗಳಾಗುತ್ತವೆ. ಹೆಸರಿಗೂ ಪ್ರತಿಮೆಗೂ ಇರುವ ಅಂತರ ಇದು.

5

ಹಾಡಿನ ಔಚಿತ್ಯದ ಪ್ರಶ್ನೆ ಅಂತಿಮವಾಗಿ ಚರಿತ್ರೆಯ ಪ್ರಶ್ನೆಯೂ ಹೌದು. 1968ರ ‘ರೆವಲ್ಯೂಷನ್’ ಹಿಂಸಾತ್ಮಕ ಕ್ರಾಂತಿಯನ್ನು ಸಂಶಯಿಸಿದ ಹಾಡು. ಅಂದಿನ ಎಡಪಂಥೀಯರು ಅದನ್ನು ಕಟುವಾಗಿ ಟೀಕಿಸಿದ್ದರು. ಚಿತ್ರದಲ್ಲಿ ಜೂಡ್ ಚಳವಳಿಯ ಕಚೇರಿಗೆ ನುಗ್ಗಿ ಇದನ್ನು ಹಾಡುತ್ತಾನೆ. ಅವನ ಕೋಪದ ಗುರಿ ಲೂಸಿಗೆ ಹತ್ತಿರವಾಗುತ್ತಿರುವ ಚಳವಳಿಯ ನಾಯಕ. ರಾಜಕೀಯ ವಾಗ್ವಾದವು ಪ್ರಣಯದ ಮತ್ಸರಕ್ಕೆ ಇಳಿದಿದೆ. ಬ್ರಿಟಿಷ್ ಪ್ರಜೆಯಾದ ಅವನನ್ನು ಕಡ್ಡಾಯ ಸೈನ್ಯಭರ್ತಿ ಮುಟ್ಟುವುದಿಲ್ಲ. ಅವನ ತಾಟಸ್ಥ್ಯ ಸುಲಭದ್ದು. ಚಿತ್ರ ಈ ಅರಿವಿನ ಹೊಸ್ತಿಲವರೆಗೆ ಬಂದು ಹಿಂದಿರುಗುತ್ತದೆ.

ಮುಕ್ತಾಯದಲ್ಲಿ ಇದು ಇನ್ನೂ ಸ್ಪಷ್ಟ. 1969ರ ಜನವರಿ 30ರಂದು ಬೀಟಲ್ಸ್ ಲಂಡನ್ನಿನಲ್ಲಿ ನೀಡಿದ ಮಹಡಿಯ ಮೇಲಿನ ಕಛೇರಿಯನ್ನು ನೆನಪಿಸುವ ದೃಶ್ಯದಲ್ಲಿ, 1967ರ ಜಾಗತಿಕ ಉಪಗ್ರಹ ಪ್ರಸಾರಕ್ಕೆಂದು ರಚಿತವಾದ ‘ಆಲ್ ಯು ನೀಡ್ ಈಸ್ ಲವ್’ ಪ್ರೇಮಿಗಳನ್ನು ಕೂಡಿಸುತ್ತದೆ. ಯುದ್ಧ 1975ರವರೆಗೂ ಮುಗಿಯಲಿಲ್ಲ. ಡೆಟ್ರಾಯಿಟ್‌ನ ಬಾಲಕನಿಗೆ ಈ ಮಹಡಿಯ ಮೇಲೆ ಸ್ಥಳವಿಲ್ಲ. ಇರಾಕ್ ಯುದ್ಧ ನಡೆಯುತ್ತಿದ್ದ 2007ರಲ್ಲಿ ಬಿಡುಗಡೆಯಾದ ಚಿತ್ರದಿಂದ ಇಂತಹ ಸಮಾಧಾನವನ್ನು ಮೀರಿದ್ದನ್ನು ಅಪೇಕ್ಷಿಸುವುದು ಅನುಚಿತವಲ್ಲ.

ಒಟ್ಟಿನಲ್ಲಿ, ಪ್ರೇಕ್ಷಕನ ನೆನಪನ್ನು ಕದಡಿದಲ್ಲೆಲ್ಲ ಈ ಚಿತ್ರ ಗೆದ್ದಿದೆ. ಆ ನೆನಪನ್ನು ಸಂತೈಸಿದಲ್ಲೆಲ್ಲ ಸೋತಿದೆ. ಹಾಗಿದ್ದೂ ಆ ಮೈದಾನದ ಹುಡುಗಿಯನ್ನು, ಆ ಚರ್ಚಿನ ಪುಟ್ಟ ಶವಪೆಟ್ಟಿಗೆಯನ್ನು ಕಂಡ ಮೇಲೆ ಆ ಎರಡು ಹಾಡುಗಳನ್ನು ಹಿಂದಿನಂತೆ ಕೇಳುವುದು ಕಷ್ಟ. ಇಡೀ ಜಗತ್ತಿಗೆ ಕಂಠಪಾಠವಾಗಿರುವ ಹಾಡುಗಳ ವಿಷಯದಲ್ಲಿ ಇದು ಸಣ್ಣ ಸಾಧನೆಯಲ್ಲ.