ಪಾತ್ರ ಯಾರ ಪಾಲಿಗೆ?

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲುದಾರಿಯಾದದ್ದು 1894ರಲ್ಲಿ. ಚಿನ್ನದ ಗಣಿಗಳಿಗಾಗಿ ಹಾಕಿದ ಆ ದಾರಿಯಲ್ಲಿ, 2001ರ ಫೆಬ್ರುವರಿಯಲ್ಲಿ ಗಣಿಗಳು ಮುಚ್ಚಿದ ಮೇಲೂ ಗಾಡಿ ನಿಂತಿಲ್ಲ. ಹೊಟ್ಟೆಪಾಡಿಗೆ ಬೆಂಗಳೂರಿಗೆ ಹೋಗುವವರನ್ನು ಹೊತ್ತು ಓಡಾಡುತ್ತಲೇ ಇದೆ. ಆ ಗಾಡಿಯಲ್ಲಿ ನಡೆಯುವಷ್ಟು ನಾಟಕ ವಿಮರ್ಶೆ ನಮ್ಮ ಪತ್ರಿಕೆಗಳಲ್ಲಿ ನಡೆಯುವುದಿಲ್ಲವೆಂದು ನನಗೆ ಎಷ್ಟೋ ಸಲ ಅನಿಸಿದೆ. ಕನ್ನಡ, ತೆಲುಗು, ತಮಿಳು ಮೂರೂ ಕಲೆತ ಮಾತಿನಲ್ಲಿ, ಯಾರ ಭೀಮ ಮೇಲು, ಯಾರ ಕಂಠ ಕೆಟ್ಟಿತು ಎಂಬ ವಾದ ಊರಿಗಾಂ ನಿಲ್ದಾಣ ದಾಟಿದರೂ ಮುಗಿಯುವುದಿಲ್ಲ.

ಈಚೆಗೆ ಅಲ್ಲಿ ಕಾವೇರಿದ್ದ ಪ್ರಶ್ನೆ ಒಂದೇ. ನಮ್ಮ ತಾಲ್ಲೂಕಿನ ಒಂದು ಹಳ್ಳಿಯವರು ಜಾತ್ರೆಗೆ ಆಡಲಿದ್ದ ‘ಕುರುಕ್ಷೇತ್ರ’ದಲ್ಲಿ ಕೃಷ್ಣನ ಪಾತ್ರಕ್ಕೆ ಟೆಲಿವಿಷನ್ ಧಾರಾವಾಹಿಯ ನಟರೊಬ್ಬರನ್ನು ಕರೆಸಬೇಕೆ, ಬೇಡವೆ? ನಾನು ಕನ್ನಡ ಮೇಷ್ಟರಾದ್ದರಿಂದ ತೀರ್ಪು ನನ್ನ ಕೊರಳಿಗೆ ಬಿತ್ತು.

ನಗರದ ವಾಚಕರಿಗೆ ಈ ಹಳ್ಳಿಯ ನಾಟಕಗಳ ಒಂದು ಪದ್ಧತಿಯನ್ನು ಹೇಳಬೇಕು. ಇಲ್ಲಿ ಪಾತ್ರಧಾರಿಗೆ ಸಂಭಾವನೆಯಿಲ್ಲ. ಅವನೇ ಪಾತ್ರಕ್ಕೆ ದುಡ್ಡು ಕಟ್ಟುತ್ತಾನೆ. ದುರ್ಯೋಧನ, ಕೃಷ್ಣ ದುಬಾರಿ, ವಿದುರ ಅಗ್ಗ. ಆ ಹಣದಲ್ಲಿಯೇ ಪರದೆ, ಉಡುಪು, ಹಾರ್ಮೋನಿಯಂ ಮೇಷ್ಟರ ಸಂಬಳ, ಹೊರಗಿನಿಂದ ಬರುವ ನಟಿಯರ ಸಂಭಾವನೆ ಎಲ್ಲವೂ ಆಗಬೇಕು. ಕಲಾದೇವಿಯನ್ನು ಹರಾಜು ಹಾಕುತ್ತಾರೆಂದು ಎಂ.ಎ. ಮುಗಿಸಿ ಬಂದ ಹೊಸದರಲ್ಲಿ ನಾನೂ ನಕ್ಕವನೇ. ಆದರೆ ದುಡ್ಡು ಕಟ್ಟಿದವನು ತಿಂಗಳುಗಟ್ಟಲೆ, ರಾತ್ರಿ ಊಟವಾದ ಮೇಲೆ ಶಾಲೆಯ ಜಗುಲಿಯಲ್ಲಿ ಕುಳಿತು ಒಂದೊಂದು ಕಂದಪದ್ಯವನ್ನೂ ಗಂಟಲಿಗೆ ಇಳಿಸಿಕೊಳ್ಳುವುದನ್ನು ಕಂಡ ಮೇಲೆ ನನ್ನ ನಗು ನಿಂತಿತು. ಅವನು ಕೊಂಡದ್ದು ಕಿರೀಟವನ್ನಲ್ಲ, ಆ ಪಾತ್ರದೊಡನೆ ಅಷ್ಟು ರಾತ್ರಿಗಳ ಸಹವಾಸವನ್ನು.

ಪಾತ್ರಕ್ಕೆ ಯಾರು ತಕ್ಕವರು ಎಂಬುದಕ್ಕೆ ಈ ಸಹವಾಸಕ್ಕಿಂತ ಮೇಲಾದ ಒರೆಗಲ್ಲು ನನಗೆ ಕಂಡಿಲ್ಲ. ವೃತ್ತಿನಾಟಕ ಮಂಡಲಿಗಳ ಯಜಮಾನರು ಇದನ್ನು ಬಲ್ಲವರಾಗಿದ್ದರು. ಬಾಲಪಾತ್ರದಿಂದ ನಾಯಕಪಾತ್ರಕ್ಕೆ ಬರಲು ಅವರಲ್ಲಿ ವರ್ಷಗಳೇ ಬೇಕಾಗುತ್ತಿದ್ದವು. ಮೊದಲ ಕಾಲದ ಚಿತ್ರ ನಿರ್ಮಾಪಕರೂ ಈ ಬಂಡವಾಳವನ್ನೇ ನೆಚ್ಚಿದರು. 1934ರ ‘ಸತಿ ಸುಲೋಚನ’ದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ರಂಗದಲ್ಲಿ ಪಳಗಿದವರು. 1954ರಲ್ಲಿ ಎಚ್.ಎಲ್.ಎನ್. ಸಿಂಹ ‘ಬೇಡರ ಕಣ್ಣಪ್ಪ’ಕ್ಕೆ ಆರಿಸಿಕೊಂಡ ಮುತ್ತುರಾಜ, ಮುಂದೆ ರಾಜಕುಮಾರ್ ಆದವರು, ತಂದೆ ಪುಟ್ಟಸ್ವಾಮಯ್ಯನವರ ಹಿಂದೆ ಕಂಪನಿಯಲ್ಲೇ ಬೆಳೆದವರು.

ಆದರೆ ನಮ್ಮ ಸೀಮೆಯ ವಾದಕ್ಕೆ ನಮ್ಮ ಸೀಮೆಯ ಸಾಕ್ಷಿಯೇ ಇರುವಾಗ ಗುಬ್ಬಿ, ಗಾಜನೂರಿನವರೆಗೆ ಹೋಗುವುದೇಕೆ? ಬಿ.ಆರ್. ಪಂತುಲು ಅವರು ಕೋಲಾರದ ಗಡಿಗೆ ತಾಗಿದ ಕುಪ್ಪಂ ಸೀಮೆಯವರು. ಜೋಲಾರಪೇಟೆಯ ಗಾಡಿ ಹತ್ತಿದರೆ ಬಂಗಾರಪೇಟೆಗೆ ದೂರವಲ್ಲ. ಮೊದಲು ಶಾಲಾ ಉಪಾಧ್ಯಾಯರಾಗಿದ್ದು ಆಮೇಲೆ ಮಹಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಲಿ ಸೇರಿದರು. ಅಲ್ಲಿ ಆಡಿದ ‘ಸಂಸಾರ ನೌಕೆ’ 1936ರಲ್ಲಿ ಚಿತ್ರವಾದಾಗ ಅವರೂ ಎಂ.ವಿ. ರಾಜಮ್ಮನವರೂ ಅದರ ನಾಯಕ ನಾಯಕಿಯರು. ಮುಂದೆ ಪದ್ಮಿನಿ ಪಿಕ್ಚರ್ಸ್ ಕಟ್ಟಿ ನಿರ್ಮಾಪಕರಾದ ಮೇಲೆ, ಕನ್ನಡಕ್ಕೂ ತಮಿಳಿಗೂ ಒಟ್ಟೊಟ್ಟಿಗೆ ಪಾತ್ರ ಹಂಚುವ ಕಷ್ಟ ಅವರದಾಯಿತು. ಒಂದೇ ಕಥೆಯನ್ನು 1957ರಲ್ಲಿ ಕನ್ನಡದಲ್ಲಿ ‘ರತ್ನಗಿರಿ ರಹಸ್ಯ’ವೆಂದು ಉದಯಕುಮಾರ್ ಅವರಿಂದಲೂ, ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರಿಂದಲೂ ಆಡಿಸಿದರು. ಎರಡು ಮಾರುಕಟ್ಟೆ, ಎರಡು ಮುಖ. ಅದು ವ್ಯಾಪಾರ; ತಪ್ಪೆನ್ನಲಾರೆ.

ಮರುವರ್ಷ ಬಂದ ‘ಸ್ಕೂಲ್ ಮಾಸ್ಟರ್’ ಬೇರೆ ಜಾತಿಯದು. ಐವತ್ತರ ಹತ್ತಿರಕ್ಕೆ ಬಂದಿದ್ದ, ಚೆಲುವನೆಂದು ಯಾರೂ ಹೊಗಳದ ಒಬ್ಬ ನಟನನ್ನು ಯಾವ ನಿರ್ಮಾಪಕ ಕಥಾನಾಯಕನನ್ನಾಗಿ ಮಾಡಿಯಾನು? ಪಂತುಲು ಮಾಡಿದರು, ಏಕೆಂದರೆ ಆ ನಟ ತಾವೇ. ಹೆಂಡತಿಯ ಪಾತ್ರಕ್ಕೆ ಮತ್ತೆ ರಾಜಮ್ಮ. ಹೆಸರಾದ ಶಿವಾಜಿ ಗಣೇಶನ್ ಹಳೆಯ ಶಿಷ್ಯನಾಗಿ ಬಂದು ಹೋಗುವ ಅತಿಥಿ. ಮುಪ್ಪಿನಲ್ಲಿ ಮಕ್ಕಳು ತಂದೆಯನ್ನೊಂದು ಕಡೆ, ತಾಯಿಯನ್ನೊಂದು ಕಡೆ ಮಾಡಿದಾಗ ಆ ದಂಪತಿಗಳ ಸಂಕಟ ನಮ್ಮನ್ನು ಹಿಂಡುವುದು ಮಾತಿನ ಬಲದಿಂದಲ್ಲ. ಮಾತು ಅಲ್ಲಲ್ಲಿ ಉಪದೇಶವಾಗಿಯೂ ಬಿಡುತ್ತದೆ. ಹಿಂಡುವುದು, ಆ ಇಬ್ಬರು ‘ಸಂಸಾರ ನೌಕೆ’ಯಿಂದ 22 ವರ್ಷ ಜೊತೆಯಾಗಿ ಆಡುತ್ತ ಬಂದವರಾದ್ದರಿಂದ. ಒಬ್ಬರ ಮಾತು ಎಲ್ಲಿ ನಿಲ್ಲುತ್ತದೆಂದು ಇನ್ನೊಬ್ಬರಿಗೆ ಗೊತ್ತು. ಬೇರೆ ಯಾವ ತಾರಾ ಜೋಡಿಯನ್ನು ತಂದಿದ್ದರೂ ಆ ಮೌನ ದೊರೆಯುತ್ತಿರಲಿಲ್ಲ.

1959ರ ತಮಿಳು ‘ವೀರಪಾಂಡಿಯ ಕಟ್ಟಬೊಮ್ಮನ್’ ನೋಡಿ. ಅಲ್ಲಿ ಶಿವಾಜಿ ತಾರೆಯೆಂಬುದು ನಿಜ. ಆದರೆ ಆ ಪಾತ್ರವನ್ನು ಅವರು ಕ್ಯಾಮರಾಕ್ಕೆ ಮೊದಲೇ ತಮ್ಮ ನಾಟಕ ತಂಡದಲ್ಲಿ ಆಡಿ ಮಾಗಿಸಿಕೊಂಡಿದ್ದರು. 1960ರಲ್ಲಿ ಕೈರೋದ ಆಫ್ರೋ–ಏಷ್ಯನ್ ಉತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಪಡೆದದ್ದು ಹಾಗೆ ಮಾಗಿದ ಹಣ್ಣು.

ನನ್ನ ವಾದಕ್ಕೆ ಅಡ್ಡ ನಿಲ್ಲುವ ಚಿತ್ರವೂ ಪಂತುಲು ಅವರದೇ: 1961ರ ‘ಕಿತ್ತೂರು ಚೆನ್ನಮ್ಮ’. ಬಿ. ಸರೋಜಾದೇವಿ ಕಂಪನಿಯಲ್ಲಿ ಬೆಳೆದವರಲ್ಲ. 1955ರ ‘ಮಹಾಕವಿ ಕಾಳಿದಾಸ’ದಿಂದ ನೇರವಾಗಿ ತೆರೆಗೆ ಬಂದವರು. ಆದರೂ ಚೆನ್ನಮ್ಮನೆಂದರೆ ಎಷ್ಟೋ ಜನರ ಕಣ್ಣಿಗೆ ಇಂದಿಗೂ ಅವರ ಮುಖವೇ. ಹಿರಿಯ ರಾಣಿಯಾಗಿ ರಾಜಮ್ಮ, ಮಲ್ಲಸರ್ಜನಾಗಿ ರಾಜಕುಮಾರ್, ಹೀಗೆ ರಂಗದವರು ಸುತ್ತ ಕಂಬಗಳಂತೆ ನಿಂತದ್ದರಿಂದ ಅದು ಸಾಧ್ಯವಾಯಿತೆಂದು ನಾನು ಜಾರಿಕೊಳ್ಳಬಹುದು. ಪೂರ್ತಿ ನಿಜವಲ್ಲ. ಕೆಲವರಿಗೆ ಪಾತ್ರ ಬೇಗ ಒಲಿಯುತ್ತದೆ, ಅಷ್ಟೆ.

ಗಾಡಿಯ ತರುಣರಿಗೆ ಈ ಹಳೆಯ ಪುರಾಣ ಬೇಡ. ಅವರು 2018ರ ‘ಕೆಜಿಎಫ್’ ಚಿತ್ರವನ್ನು ಮುಂದಿಡುತ್ತಾರೆ: “ಸಾರ್, ನಮ್ಮೂರ ಹೆಸರು ಲೋಕಕ್ಕೆಲ್ಲ ಗೊತ್ತಾಗಿದ್ದು ನಾಟಕದಿಂದಲೋ, ಸಿನಿಮಾದಿಂದಲೋ?” ಸಯನೈಡ್ ಗುಡ್ಡಗಳ ಬೂದುಬಣ್ಣವನ್ನು ಆ ಚಿತ್ರ ಚೆನ್ನಾಗಿ ಬಳಸಿಕೊಂಡಿತು, ಒಪ್ಪಿದೆ. ಗಣಿಯಲ್ಲಿ ದುಡಿದವರ ಮಾತಿನ ಧಾಟಿ ಮಾತ್ರ ಅದರಲ್ಲಿ ನನ್ನ ಕಿವಿಗೆ ಬೀಳಲಿಲ್ಲ. ಆದರೆ ಅದರ ನಾಯಕ ಯಶ್ ಮೊದಲು ಬಿ.ವಿ. ಕಾರಂತರು ಕಟ್ಟಿದ ‘ಬೆನಕ’ ತಂಡದಲ್ಲಿ ರಂಗದ ಹಿಂದಿನ ಕೆಲಸ ಮಾಡಿದವರೆಂದು ನಾನು ಹೇಳಿದಾಗ ತರುಣರು ಒಂದು ನಿಲ್ದಾಣದಷ್ಟು ಹೊತ್ತು ಸುಮ್ಮನಾದರು.

ಕರೆಸಬೇಡಿ ಎಂಬುದೇ ನನ್ನ ತೀರ್ಪಾಗಿತ್ತು. ಅದನ್ನು ಯಾರೂ ಪಾಲಿಸಲಿಲ್ಲ. ಜಾತ್ರೆಯ ರಾತ್ರಿ ಕೃಷ್ಣ ಕಾರಿನಲ್ಲಿ ಬಂದಿಳಿದರು. ಒಂದು ದಿನದ ಅಭ್ಯಾಸವೂ ಇಲ್ಲ. ಸಂಧಾನದ ದೃಶ್ಯದಲ್ಲಿ ಹಾರ್ಮೋನಿಯಂ ಒಂದು ಶ್ರುತಿ, ಕೃಷ್ಣ ಇನ್ನೊಂದು. ಜನಕ್ಕೆ ಅದರ ಚಿಂತೆಯಿಲ್ಲ. ಮೈದಾನದ ತುಂಬ ಮೊಬೈಲಿನ ಬೆಳಕು. ವಿಶ್ವರೂಪ ಮುಗಿದದ್ದೇ ಅವರು ಫೋಟೋ ತೆಗೆಸಿಕೊಂಡು ಹೊರಟರು. ಅವರ ಹಿಂದೆಯೇ ಮುಕ್ಕಾಲು ಸಭೆ. ಯುದ್ಧದ ಅಂಕಗಳಿಗೆ ಹಳ್ಳಿಯ ಹುಡುಗನೊಬ್ಬ ಅದೇ ಕಿರೀಟ ಧರಿಸಿ ಕೃಷ್ಣನಾದ.

ದುರ್ಯೋಧನನಾಗಿದ್ದವರು ಅದೇ ಊರಿನ ದಿನಸಿ ಅಂಗಡಿಯವರು. ಬೆಳಗಿನ ನಾಲ್ಕು ಗಂಟೆಗೆ ಸರೋವರದ ದೃಶ್ಯ. ಕೆಳಗೆ ಕಂಬಳಿ ಹೊದ್ದ ನೂರೋ ನೂರೈವತ್ತೋ ಜನ. ಗದೆಯನ್ನು ಎತ್ತದೆ ನೆಲದಲ್ಲಿ ಎಳೆದುಕೊಂಡು ಬಂದ ಆ ರಾಜನ ಗಂಟಲು ಅಷ್ಟು ಹೊತ್ತಿಗೆ ಒಡೆದಿತ್ತು. ಒಡೆದ ಆ ಗಂಟಲಿನಲ್ಲಿಯೇ, ಸತ್ತ ತಮ್ಮಂದಿರ ಹೆಸರುಗಳನ್ನು ಹಾಡಾಗಿಸದೆ, ಅಂಗಡಿಯ ಬಾಕಿ ಲೆಕ್ಕ ಓದುವಂತೆ ಒಂದೊಂದಾಗಿ ಹೇಳಿದರು. ಅಂಥ ದುರ್ಯೋಧನನನ್ನು ನಾನು ಬೆಂಗಳೂರಿನ ಯಾವ ರಂಗಮಂದಿರದಲ್ಲಿಯೂ ಕಂಡಿಲ್ಲ.

ಆದಾಯದ ವಿಷಯವನ್ನೂ ಮುಚ್ಚಿಡಬಾರದು. ಅತಿಥಿಯ ಸಂಭಾವನೆ ಕಳೆದರೂ ಈ ವರ್ಷ ತಂಡಕ್ಕೆ ಸಾಲ ಉಳಿಯಲಿಲ್ಲ. ಪರದೆಯವನ ಬಾಕಿ ಪೂರ್ತಿ ತೀರಿತು. ಕರೆಸಿದವರು ಅದನ್ನು ನನಗೆ ಎರಡು ಸಲ ನೆನಪಿಸಿದರು. ಬರುವ ವರ್ಷದ ಪಾತ್ರ ಹಂಚಿಕೆಯ ಮಾತೆದ್ದಾಗ ನಾನು ಅಂಗಡಿಗೆ ಹೋಗಿ, “ಯಜಮಾನ್ರೇ, ದುರ್ಯೋಧನ ನಿಮ್ಮದೇ ಅಲ್ಲವೆ?” ಎಂದೆ. ಅವರು ಬೇಳೆ ತೂಗುತ್ತಿದ್ದರು. ತಕ್ಕಡಿಯಿಂದ ಕಣ್ಣೆತ್ತದೆ, “ದುಡ್ಡು ಕಟ್ಟೋದು ನಾವು ಸಾರ್, ಜನ ಬರೋದು ಅವ್ರಿಗೆ. ಅದಕ್ಕೂ ಟೀವಿಯವರನ್ನೇ ಕರೆಸ್ಕೊಳ್ಳಿ ಬಿಡಿ” ಎಂದರು. ಶಾಲೆಯ ಜಗುಲಿಯಲ್ಲಿ ಅಭ್ಯಾಸ ಇನ್ನೂ ಶುರುವಾಗಿಲ್ಲ.