ಚಕ್ಕುಬಂದಿಯ ಸೊಗಸು

ಕಪ್ಪತಗುಡ್ಡದ ಸರ್ಕಾರಿ ಅಧಿಸೂಚನೆಗಳನ್ನು ಇಸವಿಯ ಪ್ರಕಾರ ಜೋಡಿಸಿಕೊಂಡು ಓದುವುದು ನನಗೊಂದು ಹಬ್ಬ.

ರುಚಿ ಹತ್ತಿದ್ದು ಗಡಿಯ ಮಾತಿನಿಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 18ನೇ ಕಲಮಿಗೆ ಒಂದು ಪುಟ್ಟ ವಿವರಣೆ ಅಂಟಿಕೊಂಡಿದೆ. ಅಭಯಾರಣ್ಯದ ಮೇರೆ ತಿಳಿಸಲು ದಾರಿ, ಹೊಳೆ, ಗುಡ್ಡದ ಏಣು, ಇಲ್ಲವೇ ಎಲ್ಲರಿಗೂ ಗೊತ್ತಾಗುವ ಬೇರೊಂದು ಗುರುತು ಹೇಳಿದರೆ ಸಾಕು ಎನ್ನುತ್ತದೆ ಅದು. 1927ರ ಅರಣ್ಯ ಕಾಯ್ದೆಯಲ್ಲೂ ಇದೇ ಮಾತು. ಆ ‘ಸಾಕು’ ಬಂದಾಗಲೆಲ್ಲ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ಶಿರಹಟ್ಟಿ ಕಡೆಯ ರೈತನಿಗೆ ಹೊಲದ ಗುರುತು ಕೇಳಿ: ‘ಹಳ್ಳಾ ದಾಟ್ರಿ, ಬಂಡಿ ದಾರಿ ಹಿಡೀರಿ, ಆ ಗುಡ್ಡದ ಏಣಿನ ತನಕ ನಮ್ದ ನೋಡ್ರಿ’ ಎಂದಾನು. ಕಾಯ್ದೆ ಬರೆದವರೂ ಅವನೂ ಒಂದೇ ಬದುವಿನ ಮೇಲೆ ನಿಂತು ಕೈ ತೋರಿಸಿದ ಹಾಗಿದೆ!

ಇನ್ನು ಅಂಕಿಗಳು. 2015ರ ಡಿಸೆಂಬರಿನಲ್ಲಿ ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಈ ಗುಡ್ಡಸಾಲು ಸಂರಕ್ಷಿತ ಮೀಸಲು ಪ್ರದೇಶವಾಯಿತು: 178.72 ಚದರ ಕಿಲೋಮೀಟರ್. ಆ ಎರಡು ದಶಮಾಂಶದ ಮೇಲೆ ನನಗೆ ಬಹಳ ಅಕ್ಕರೆ. ಕೊನೆಯ ಸ್ಥಾನದ ಒಂದು ಎಂದರೆ ಒಂದು ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಎಕರೆ, ಒಂದು ಬಡ ಕುಟುಂಬದ ಹೊಲ. ಅಷ್ಟು ಸಣ್ಣ ತುಣುಕನ್ನೂ ಬಿಡದೆ ಯಾರೋ ಕೂಡಿಸಿದ್ದಾರೆ.

2016ರ ನವೆಂಬರಿನಲ್ಲಿ ಆ ಆದೇಶ ವಾಪಸಾಯಿತು. 2017ರ ಏಪ್ರಿಲ್‌ನಲ್ಲಿ ಮತ್ತೆ ಬಂತು. ಹಾಳೆಗಳ ನಡುವೆ ಇರುವುದು ಐದು ತಿಂಗಳ ತೆರಪು ಮಾತ್ರ. ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಗದಗಿನಲ್ಲಿ ಜನ ಧರಣಿ ಕೂತದ್ದು ಆ ತೆರಪಿನಲ್ಲೇ. 2019ರ ಮೇ ತಿಂಗಳಲ್ಲಿ ವನ್ಯಜೀವಿಧಾಮವಾದಾಗ ಅಂಕಿ 244.15ಕ್ಕೆ ಏರಿತ್ತು. ಸ್ವಾಮಿಗಳು ಅದನ್ನು ನೋಡಲಿಲ್ಲ. ಹಿಂದಿನ ಅಕ್ಟೋಬರಿನಲ್ಲೇ ಲಿಂಗೈಕ್ಯರಾಗಿದ್ದರು. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವಾಗ ನನಗೆ ಗಂಟಲು ಕಟ್ಟುತ್ತದೆ. ಇದಕ್ಕೂ ಬಹಳ ಹಿಂದೆ, 1874ರಲ್ಲಿ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದೇ ಸಾಲಿನ ಡಂಬಳದ ಗುಡ್ಡಗಳ ಬಗ್ಗೆ ಬರೆದಾಗ ಹುಡುಕಿದ್ದು ಬಂಗಾರದ ಕಲ್ಲನ್ನು. ಗುಡ್ಡ ಅದೇ, ಕಾಗದದ ಕಣ್ಣು ಬೇರೆ.

ಕಟ್ಟಿನ ಕೊನೆಗೆ ಲಕ್ಷ್ಮೇಶ್ವರದ ಹತ್ತಿರದ ಮಾಗಡಿ ಕೆರೆಯ ಕಾಗದವನ್ನೂ ಸೇರಿಸಿಟ್ಟಿದ್ದೇನೆ. ಹೊಲಕ್ಕೆ ನೀರುಣಿಸಲು ಕಟ್ಟಿದ ಕೆರೆ, ಸುಮಾರು 50 ಹೆಕ್ಟೇರ್. 2024ರ ಜನವರಿಯಲ್ಲಿ ಜಾಗತಿಕ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿ ಸೇರಿತು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲೆಲ್ಲ ಈ ನೀರಿನಲ್ಲೇ ಇರುತ್ತವೆ. ಕತ್ತಲಾಗುತ್ತಲೇ ಗುಂಪುಗುಂಪಾಗಿ ಏರಿ ದಾಟಿ, ಈ ಕಾಗದದ ಚಕ್ಕುಬಂದಿಯಲ್ಲಿ ಇಲ್ಲದ ಶೇಂಗಾ, ಕಡಲೆ ಹೊಲಗಳಲ್ಲಿ ಇಳಿಯುತ್ತವೆ.