ಮಡಿಕೆಯ ಮರ್ಯಾದೆ

ಚಿತ್ರಪ್ರದರ್ಶನದ ಬಾಗಿಲಲ್ಲಿ ಕೈಗಿಡುವ ಪರಿಚಯಪತ್ರವನ್ನು ರಚಿಸುವವರು ಹಾಳೆಯನ್ನು ಬಿಡಿಸಿಟ್ಟುಕೊಂಡೇ ಯೋಚಿಸುತ್ತಾರೆ. ಮಡಿಕೆ ಆಮೇಲಿನ ಮಾತು. ಭಾವಚಿತ್ರವೊಂದರ ಮೂಗಿನ ಮೇಲೆಯೇ ಮಡಿಕೆಯ ಗೆರೆ ಬಿದ್ದುದನ್ನು ಕಂಡು ನೊಂದಿದ್ದೇನೆ.

ಮಾರ್ಸೆಲ್ ದ್ಯೂಶಾಂ ಹಾಗಲ್ಲ. ಕಲೆಯ ಶಿಸ್ತನ್ನೇ ಅಣಕಿಸಿದ ದಾದಾ ಪಂಥದ ಪ್ರದರ್ಶನವೊಂದು 1953ರಲ್ಲಿ ನ್ಯೂಯಾರ್ಕಿನ ಸಿಡ್ನಿ ಜಾನಿಸ್ ಗ್ಯಾಲರಿಯಲ್ಲಿ ನಡೆಯಿತು. ಅದಕ್ಕೆ ಆತ ರೂಪಿಸಿದ್ದು ತೆಳುಕಾಗದದ ಒಂದೇ ದೊಡ್ಡ ಹಾಳೆ: ಭಿತ್ತಿಪತ್ರವೂ ಅದೇ, ಕೃತಿಪಟ್ಟಿಯೂ ಅದೇ. ಅದನ್ನು ಮುದ್ದೆಗಟ್ಟಿ ಹಂಚಲಾಯಿತು. ಬರಿಯ ವಿನೋದವೆನ್ನುವವರೂ ಉಂಟು; ನಾನು ಒಪ್ಪಲಾರೆ. ಪಂಥದ ಮನೋಧರ್ಮವನ್ನು ಮುದ್ರಿತ ಅಕ್ಷರಕ್ಕಿಂತ ಮೊದಲು ಆ ಸುಕ್ಕೇ ನುಡಿಯಿತು.

ನಮ್ಮವರಿಗೆ ಮುದ್ದೆ ಬೇಡ. ಮೂರು ಪಾಲಾಗಿ ಮಡಿಸುವ ಹಾಳೆಯಲ್ಲಿ ಒಳಸೇರುವ ಪಾಲು ಉಳಿದೆರಡಕ್ಕಿಂತ 2 ಮಿಲಿಮೀಟರಿನಷ್ಟು ಕಿರಿದಿರಬೇಕು, ಇಲ್ಲವಾದರೆ ಅಂಚು ಉಬ್ಬುತ್ತದೆ. ಮೊದಲು ಈ ಗೆರೆಗಳನ್ನೆಳೆದು, ಬಳಿಕ ಚಿತ್ರಕ್ಕೆ ಜಾಗ ಹುಡುಕಲಿ.